ಮಡೋನಾಳ ‘ರೇ ಆಫ್ ಲೈಟ್’: ಎಲ್ಲರೂ ಸಿಂಥ್ ಬಗ್ಗೆ ಮಾತಾಡ್ತಾರೆ, ಗಂಟಲಿನ ಬಗ್ಗೆ ಯಾರೂ ಮಾತಾಡಲ್ಲ

ಹಳೇಕ್ಯಾಸೆಟ್

ಜಗಳ ಆಗಲಿ ಅಂತಲೇ ಈ ಚರ್ಚೆ ಶುರು ಮಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪಾಪ್ ಗಾಯಕಿಯೊಬ್ಬಳು ತನ್ನ ದಾರಿಯನ್ನೇ ಬದಲಿಸಿದ ಆಲ್ಬಂ ಯಾವುದು ಅಂತ ಯಾರಾದರೂ ಕೇಳಿದರೆ ಥಟ್ ಅಂತ ಬರುವ ಹೆಸರು ‘ರೇ ಆಫ್ ಲೈಟ್’. 1998ರ ಮಾರ್ಚ್‌ನಲ್ಲಿ ಬಂತು. ಮಡೋನಾಳ ಏಳನೇ ಸ್ಟುಡಿಯೋ ಆಲ್ಬಂ. ಆಗ ಅವಳಿಗೆ 39 ವರ್ಷ. ಹಿಂದಿನ ಆಲ್ಬಂ ‘ಬೆಡ್‌ಟೈಮ್ ಸ್ಟೋರೀಸ್’ 1994ರದ್ದು, ಹೆಚ್ಚಾಗಿ ಆರ್ ಅಂಡ್ ಬಿ ಶೈಲಿ. ಅಲ್ಲಿಂದ ಇಲ್ಲಿಗೆ ಬಂದರೆ ಬೇರೆ ಯಾರದೋ ಹಾಡು ಕೇಳಿದ ಹಾಗಾಗುತ್ತದೆ.

ಇದಕ್ಕೆ ಎಲ್ಲ ಕಡೆ ಒಂದೇ ಕಾರಣ ಕೊಡುತ್ತಾರೆ. ವಿಲಿಯಂ ಆರ್ಬಿಟ್ ಅಂತ ಇಂಗ್ಲೆಂಡಿನ ಪ್ರೊಡ್ಯೂಸರ್ (ಆಲ್ಬಂನ ಸದ್ದನ್ನು ರೂಪಿಸುವವನು) ಬಂದ, ಸಿಂಥ್ (ಸದ್ದನ್ನು ವಿದ್ಯುತ್ತಿನಿಂದ ಹುಟ್ಟಿಸುವ ಕೀಬೋರ್ಡ್ ವಾದ್ಯ) ಹಿಡಿದು ಎಲೆಕ್ಟ್ರಾನಿಕ್ ಸದ್ದು ತಂದ, ಮಡೋನಾ ಹೊಸಬಳಾದಳು. ಅಷ್ಟೇ.

ನನಗೆ ಇದು ಅರ್ಧ ಕಥೆ ಅನ್ನಿಸುತ್ತದೆ. ನಡುವೆ 1996ರಲ್ಲಿ ‘ಎವಿಟಾ’ ಸಿನಿಮಾ ಬಂತಲ್ವಾ? ಅದು ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ನಡೆಯುವ ಸಿನಿಮಾ. ಅದರ ಮುಖ್ಯ ಪಾತ್ರಕ್ಕಾಗಿ ಜೋನ್ ಲೇಡರ್ ಎಂಬ ಶಿಕ್ಷಕಿಯ ಹತ್ತಿರ ಮಡೋನಾ ಗಾಯನ ಕಲಿತಳು. ಅದಕ್ಕೂ ಮುಂಚಿನ ಹಾಡುಗಳನ್ನು ಕೇಳಿ. ಎಂಬತ್ತರ ದಶಕದ ಹಿಟ್‌ಗಳಲ್ಲಿ ದನಿ ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ, ಮೇಲುಗಂಟಲಲ್ಲೇ ಓಡಾಡುತ್ತದೆ. ‘ರೇ ಆಫ್ ಲೈಟ್’ನಲ್ಲಿ ಉಸಿರು ಕೆಳಗಿನಿಂದ ಬರುತ್ತದೆ. ಸ್ವರ ಹಿಡಿದರೆ ನಿಲ್ಲುತ್ತದೆ. ‘ಫ್ರೋಜನ್’ ಹಾಡಿನ ಪಲ್ಲವಿಯಲ್ಲಿ ಉದ್ದ ಸ್ವರಗಳನ್ನು ಅಲುಗಾಡಿಸದೆ ಹೇಗೆ ಎಳೆದಿದ್ದಾಳೆ ನೋಡಿ. ಹಳೇ ಮಡೋನಾಗೆ ಅದು ಆಗುತ್ತಿರಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಮೊದಲು ಬದಲಾದದ್ದು ಗಂಟಲು. ಆ ಗಂಟಲಿಗೆ ತಕ್ಕ ಸದ್ದು ಆಮೇಲೆ ಸಿಕ್ಕಿತು. ಆರ್ಬಿಟ್ ನಾಲ್ಕು ವರ್ಷ ಮೊದಲೇ ಬಂದಿದ್ದರೆ ಈ ಆಲ್ಬಂ ಆಗುತ್ತಿರಲಿಲ್ಲ.

ಬನ್ನಿ, ಬಡಿದಾಡೋಣ.

ನೀಲಿಹೆಡ್‌ಫೋನ್

ಗಂಟಲೂ ಇಲ್ಲ, ಏನೂ ಇಲ್ಲ ಗುರು. ಗಾಳಿ ಬಂದಾಗ ತೂರಿಕೊಂಡಳು, ಅಷ್ಟೇ.

1997ನ್ನು ಒಮ್ಮೆ ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಎಲೆಕ್ಟ್ರಾನಿಕ್ ತಂಡ ಪ್ರಾಡಿಜಿಯ ‘ದ ಫ್ಯಾಟ್ ಆಫ್ ದ ಲ್ಯಾಂಡ್’ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಯೂಟೂ ಎಂಬ ರಾಕ್ ತಂಡದವರು ‘ಪಾಪ್’ ಅಂತ ಆಲ್ಬಂ ಮಾಡಿ ಎಲೆಕ್ಟ್ರಾನಿಕ್ ದಾರಿ ಹಿಡಿದರು. ಬ್ಯೋರ್ಕ್‌ಳ ‘ಹೋಮೋಜೆನಿಕ್’ ಬಂತು, ಅದರಲ್ಲೂ ತಂತಿವಾದ್ಯದ ಜೊತೆ ಮುರಿದ ಬೀಟ್‌ಗಳು. ಕೆಮಿಕಲ್ ಬ್ರದರ್ಸ್ ಬೇರೆ. ಅಮೆರಿಕದ ರೆಕಾರ್ಡ್ ಕಂಪನಿಗಳೆಲ್ಲ ಮುಂದಿನದು ಎಲೆಕ್ಟ್ರಾನಿಕಾ ಅಂತ ಕುಣಿಯುತ್ತಿದ್ದ ಕಾಲ ಅದು.

ಇನ್ನೊಂದು ವಿಷಯ. ಪ್ರಾಡಿಜಿಯ ಆ ಆಲ್ಬಂ ಅಮೆರಿಕದಲ್ಲಿ ಯಾರ ಲೇಬಲ್‌ನಿಂದ ಬಂತು ಗೊತ್ತಾ? ಮ್ಯಾವೆರಿಕ್. ಮಡೋನಾಳ ಸ್ವಂತ ಲೇಬಲ್! ಲೆಕ್ಕದ ಪುಸ್ತಕ ಅವಳ ಮುಂದೆಯೇ ಇತ್ತು. ಯಾವುದು ಓಡುತ್ತಿದೆ ಅಂತ ಅವಳಿಗೆ ಎಲ್ಲರಿಗಿಂತ ಮೊದಲೇ ತಿಳಿದಿತ್ತು. ಇದನ್ನು ಕಲೆಯ ಹುಡುಕಾಟ ಅಂತ ಹೇಳಿದರೆ ನನಗೆ ನಗು ಬರುತ್ತದೆ.

ಬೇಸ್‌ಗಿಟಾರ್

ನೀಲಿಹೆಡ್‌ಫೋನ್ ಅವರೇ, ಗಾಳಿ ಬಂದಾಗ ತೂರಿಕೊಂಡವಳು ಅನ್ನುವುದಕ್ಕೆ ದಿನಾಂಕಗಳು ಅಡ್ಡ ಬರುತ್ತವೆ.

ಆರ್ಬಿಟ್ ಅವಳಿಗೆ 1997ರಲ್ಲಿ ಸಿಕ್ಕ ಹೊಸ ಮುಖ ಅಲ್ಲ. 1990ರ ‘ಜಸ್ಟಿಫೈ ಮೈ ಲವ್’ ಹಾಡಿಗೆ ರೀಮಿಕ್ಸ್ ಮಾಡಿದ್ದ. ‘ಎರೋಟಿಕಾ’ಗೂ ಮಾಡಿದ್ದ. 1995ರಲ್ಲಿ ಮಡೋನಾ ಮ್ಯಾಸಿವ್ ಅಟ್ಯಾಕ್ ಎಂಬ ಇಂಗ್ಲೆಂಡಿನ ತಂಡದ ಜೊತೆ ಮಾರ್ವಿನ್ ಗೇ ಅವರ ‘ಐ ವಾಂಟ್ ಯೂ’ ಹಾಡಿದ್ದಳು. ‘ಬೆಡ್‌ಟೈಮ್ ಸ್ಟೋರೀಸ್’ನ ಶೀರ್ಷಿಕೆ ಹಾಡು ಬರೆದವರಲ್ಲಿ ಬ್ಯೋರ್ಕ್ ಕೂಡ ಒಬ್ಬಳು. ಅಂದರೆ ಈ ದಾರಿಯ ಬಾಗಿಲನ್ನು ಅವಳು ಎಷ್ಟೋ ವರ್ಷದಿಂದ ತಟ್ಟುತ್ತಲೇ ಇದ್ದಳು. ಒಳಗೆ ಹೋದದ್ದು ಮಾತ್ರ 1997ರಲ್ಲಿ.

ಆದರೆ ಹಳೇಕ್ಯಾಸೆಟ್ ಅವರ ವಾದವೂ ನನಗೆ ಒಪ್ಪಿಗೆ ಇಲ್ಲ. ಆರ್ಬಿಟ್ ಏನು ಮಾಡಿದ ಅನ್ನುವುದನ್ನು ನೀವು ತೀರಾ ಕಡಿಮೆ ಮಾಡಿ ಹೇಳುತ್ತಿದ್ದೀರಿ. ಅವನ ‘ಸ್ಟ್ರೇಂಜ್ ಕಾರ್ಗೋ’ ಸರಣಿಯನ್ನು ಕೇಳಿ, ಮೊದಲನೆಯದು 1987ರಲ್ಲೇ ಬಂದಿತ್ತು. ಆ ತೇಲುವ ಸಿಂಥ್, ನಡುವೆ ಇಣುಕುವ ಗಿಟಾರ್, ಹಿಂದೆ ಎಲ್ಲೋ ಗುಳುಗುಳು ಸದ್ದು, ಎಲ್ಲ ಅಲ್ಲೇ ಇದೆ. ಅವನ ಕೈಯಲ್ಲಿದ್ದದ್ದು ಕಾರ್ಗ್ ಎಂಎಸ್-20, ರೋಲ್ಯಾಂಡ್ ಜೂನೋ-106 ತರಹದ ಹಳೇ ಸಿಂಥ್‌ಗಳು. ಹೊಸ ಫ್ಯಾಶನ್ ಸಾಮಾನು ಅಲ್ಲ.

ಕೆಲಸ ಮಾಡಿದ ರೀತಿಯನ್ನೂ ನೋಡಿ. ಸ್ಟುಡಿಯೋದಲ್ಲಿ ವಾದ್ಯಗಾರರ ತಂಡ ಕೂರಿಸಿ ನುಡಿಸುವ ಬದಲು ಸ್ಯಾಂಪಲ್ (ರೆಕಾರ್ಡಿಂಗ್‌ನ ತುಣುಕು), ಲೂಪ್‌ಗಳನ್ನು (ಮತ್ತೆ ಮತ್ತೆ ಸುತ್ತುವ ತುಣುಕು) ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದೇ ಅವನ ಅಭ್ಯಾಸ. ಆ ಕಂಪ್ಯೂಟರುಗಳು ಪದೇ ಪದೇ ಕೈ ಕೊಡುತ್ತಿದ್ದವು, ರಿಪೇರಿ ಆಗುವ ತನಕ ರೆಕಾರ್ಡಿಂಗ್ ನಿಲ್ಲುತ್ತಿತ್ತು. ಒಟ್ಟು ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು. ಅಷ್ಟು ಕಾಲ ಅವಳು ಅದಕ್ಕೂ ಮುಂಚೆ ಯಾವ ಆಲ್ಬಂಗೂ ಕೊಟ್ಟಿರಲಿಲ್ಲ. ಸುಮ್ನೆ ಟ್ರೆಂಡ್ ಹಿಡಿಯುವವರಿಗೆ ಅಷ್ಟು ತಾಳ್ಮೆ ಇರಲ್ಲ.

ಕಡಲಕರೆ

ಮಾರಾಯ್ರೆ, ನಾಲ್ಕು ತಿಂಗಳಾ? ಈಗ ನಾಲ್ಕು ದಿನದಲ್ಲಿ ಆಲ್ಬಂ ಬಿಡ್ತಾರೆ. ಮುಂದುವರಿಸಿ, ನಾನು ಓದ್ತಾ ಇದ್ದೇನೆ.

ಮೂರನೇಸ್ವರ

ಹಳೇಕ್ಯಾಸೆಟ್ ಅವರ ಮಾತಿಗೆ ನನ್ನದೊಂದು ಸಾಕ್ಷಿ ಇದೆ. ಅದು ಆರ್ಬಿಟ್ ಕಡೆಯಿಂದಲೇ ಬಂದದ್ದು ಅನ್ನುವುದು ಮಜಾ.

‘ರೇ ಆಫ್ ಲೈಟ್’ ಶೀರ್ಷಿಕೆ ಹಾಡನ್ನು ಮಡೋನಾ ತಮಗೆ ಆರಾಮಾಗಿ ಬರುವ ಶ್ರುತಿಯಲ್ಲಿ ಹಾಡಲಿಲ್ಲ. ಅರ್ಧ ಮನೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು, ಏರಿಸಿ ಹಾಡಿಸಿದ್ದು ಆರ್ಬಿಟ್. ಸಂಗೀತ ಪಾಠಕ್ಕೆ ಕೂತವರಿಗೆ ಅರ್ಧ ಮನೆ ಅಂದರೆ ಏನು ಅಂತ ಗೊತ್ತಿರುತ್ತದೆ. ಮಂದ್ರದಲ್ಲಿ ಗೊತ್ತೇ ಆಗುವುದಿಲ್ಲ. ತಾರ ಸ್ಥಾಯಿಗೆ ಹೋದಾಗ ಗೊತ್ತಾಗುತ್ತದೆ, ಗಂಟಲು ತುದಿಗಾಲಲ್ಲಿ ನಿಂತ ಹಾಗೆ. ಆ ಹಾಡಿನಲ್ಲಿ ಇರುವ ರೋಮಾಂಚನ ಅದೇ. ಕೊನೆಯ ಹೊತ್ತಿಗೆ ಅವರು ಹಾಡುವುದನ್ನು ಬಿಟ್ಟು ಕೂಗುತ್ತಾರೆ. ತಾಳ ಓಡುತ್ತಿದೆ ಅಂತ ನಮಗೆ ಅನ್ನಿಸುವುದಕ್ಕೆ ಆ ದನಿಯ ಎಳೆತವೇ ಕಾರಣ. ಬರೀ ಬೀಟ್ ಕೇಳಿದರೆ ಅಷ್ಟೇನೂ ವೇಗ ಇಲ್ಲ.

ಈಗ ಹೇಳಿ, ಇದು ಪ್ರೊಡ್ಯೂಸರ್ ಕೆಲಸವೋ ಗಾಯಕಿಯ ಕೆಲಸವೋ? ಏರಿಸಿ ಅಂದವನು ಅವನು. ಏರಿ ತೋರಿಸಿದವರು ಅವರು. ತಯಾರಿ ಇಲ್ಲದ ಗಂಟಲಾಗಿದ್ದರೆ ಅಲ್ಲೇ ಬಿರಿಯುತ್ತಿತ್ತು.

ಅಂದ ಹಾಗೆ, ಆ ಹಾಡಿನ ಬೇರು 1971ರದ್ದು. ಕರ್ಟಿಸ್ ಮಾಲ್ಡೂನ್ ಎಂಬ ಇಂಗ್ಲಿಷ್ ಜೋಡಿಯ ‘ಸೆಫರಿನ್’ ಎಂಬ ಹಾಡು. ಆ ಜೋಡಿಯಲ್ಲಿ ಒಬ್ಬರಾದ ಕ್ಲೈವ್ ಮಲ್ಡೂನ್ ಅವರ ಸಂಬಂಧಿ ಕ್ರಿಸ್ಟೀನ್ ಲೀಚ್ ಅದರ ಸಾಲುಗಳನ್ನು ಆರ್ಬಿಟ್‌ನ ಟ್ರ್ಯಾಕ್ ಮೇಲೆ ಹಾಡಿದ್ದರು. ಮಡೋನಾ ಅದನ್ನು ತಿದ್ದಿ ತಮ್ಮದಾಗಿಸಿಕೊಂಡರು. ಎಲ್ಲರ ಹೆಸರೂ ಕ್ರೆಡಿಟ್‌ನಲ್ಲಿದೆ. ಮೂಲ ಹಾಡು ಕೇಳಿದರೆ ಬೆಚ್ಚಿ ಬೀಳುತ್ತೀರಿ, ಅದು ನಿಧಾನದ ಜಾನಪದ ಧಾಟಿಯ ಹಾಡು.

ನೀಲಿಹೆಡ್‌ಫೋನ್

ಸರ್, ಅರ್ಧ ಮನೆಯ ವಿಷಯ ಚೆನ್ನಾಗಿದೆ, ಒಪ್ಪಿದೆ. ಆದರೆ ನೋಡಿ, ಹಾಡೂ ಬೇರೆಯವರದು, ಸದ್ದೂ ಬೇರೆಯವರದು, ಶ್ರುತಿ ಏರಿಸುವ ಉಪಾಯವೂ ಬೇರೆಯವರದು. ಉಳಿದದ್ದೇನು?

ಹಳೇಕ್ಯಾಸೆಟ್

ಉಳಿದದ್ದು ಬೇಡ ಅನ್ನುವ ಧೈರ್ಯ.

ಈ ಆಲ್ಬಂಗೆ ಅವಳು ಮೊದಲು ಕೂತದ್ದು ಬೇಬಿಫೇಸ್ ಎಂಬ ಆರ್ ಅಂಡ್ ಬಿ ಗಾಯಕ, ಪ್ರೊಡ್ಯೂಸರ್ ಜೊತೆ. 1994ರ ಕೊನೆಯಲ್ಲಿ ಅವರಿಬ್ಬರು ಮಾಡಿದ ‘ಟೇಕ್ ಎ ಬೋ’ ಅಮೆರಿಕದಲ್ಲಿ ಏಳು ವಾರ ಒಂದನೇ ಸ್ಥಾನದಲ್ಲಿ ಕೂತಿತ್ತು. ಅಂಥ ಜೋಡಿ ಮತ್ತೆ ಕೂತು ಹಾಡುಗಳನ್ನು ಬರೆಯಿತು. ಅವು ‘ಟೇಕ್ ಎ ಬೋ’ ತರಹವೇ ಬಂದವು. ಅವಳು ಅದನ್ನು ಬಿಟ್ಟಳು. ಗಾಳಿ ಬಂದಾಗ ತೂರಿಕೊಳ್ಳುವವಳು ಏಳು ವಾರ ಓಡಿದ ಮಾಲನ್ನು ಬಿಡುತ್ತಾಳಾ?

ಆಮೇಲೆ ಹಾಡು ಬರೆಯುವ ರಿಕ್ ನೋವೆಲ್ಸ್ ಜೊತೆ ಕೂತಳು, ಹಳೇ ಜೊತೆಗಾರ ಪ್ಯಾಟ್ರಿಕ್ ಲಿಯೊನಾರ್ಡ್ ಜೊತೆ ಕೂತಳು. ಆ ಹಾಡುಗಳನ್ನೆಲ್ಲ ತಂದು ಆರ್ಬಿಟ್ ಕೈಗೆ ಕೊಟ್ಟಳು. ಒಂದೇ ಆಲ್ಬಂ ಅಂತ ಅನ್ನಿಸುವ ಹಾಗೆ ಎಲ್ಲವನ್ನೂ ಒಂದೇ ನೂಲಲ್ಲಿ ಪೋಣಿಸಿದವರು ಯಾರು ಅನ್ನುತ್ತೀರಿ?

ಬೇಸ್‌ಗಿಟಾರ್

ಲಿಯೊನಾರ್ಡ್ ಹೆಸರು ಎತ್ತಿದ್ದು ಒಳ್ಳೆಯದಾಯಿತು. ನನ್ನ ಪ್ರಕಾರ ಇಡೀ ಗುಟ್ಟು ಅಲ್ಲಿದೆ.

‘ಲಿವ್ ಟು ಟೆಲ್’, ‘ಲಾ ಇಸ್ಲಾ ಬೊನೀಟಾ’, ‘ಲೈಕ್ ಎ ಪ್ರೇಯರ್’. ಮೂರೂ ಲಿಯೊನಾರ್ಡ್ ಜೊತೆ ಬರೆದದ್ದು. ಮಡೋನಾಳ ಅತಿ ಗಟ್ಟಿ ಮೆಲೊಡಿಗಳು ಅವನ ಜೊತೆ ಕೂತಾಗಲೇ ಹುಟ್ಟಿದ್ದು. ‘ಫ್ರೋಜನ್’ ಕೂಡ ಅವನದೇ ಜೊತೆ. ‘ನಥಿಂಗ್ ರಿಯಲಿ ಮ್ಯಾಟರ್ಸ್’ ಕೂಡ.

‘ಫ್ರೋಜನ್’ನ ಸಿಂಥ್, ಬೀಟ್ ಎಲ್ಲ ತೆಗೆದು ಬರೀ ಪಿಯಾನೋ ಮೇಲೆ ನುಡಿಸಿ ನೋಡಿ. ‘ಲಿವ್ ಟು ಟೆಲ್’ನ ತಂಗಿ ಎದುರು ಬಂದು ನಿಲ್ಲುತ್ತಾಳೆ. ಅದೇ ನಿಧಾನ, ಅದೇ ಭಾರ. ಅದರ ಮೇಲೆ ಕ್ರೇಗ್ ಆರ್ಮ್‌ಸ್ಟ್ರಾಂಗ್ ತಂತಿವಾದ್ಯಗಳನ್ನು ಹಾಸಿದ. ಆರ್ಬಿಟ್ ಕೆಳಗಿನಿಂದ ಡ್ರಮ್ ಸದ್ದನ್ನು ಒಡೆದು ಚೂರು ಚೂರಾಗಿ ಬಿಟ್ಟ. ತಂತಿವಾದ್ಯ ಒಂದೇ ಸಮನೆ ಹರಿಯುತ್ತದೆ, ಡ್ರಮ್ ಮಾತ್ರ ಬಂದು ಬಂದು ಎಡವುತ್ತದೆ. ನಡುವೆ ದನಿ ಅಲ್ಲಾಡದೆ ನಿಂತಿದೆ. ಆರು ನಿಮಿಷದ ಹಾಡು, ರೇಡಿಯೋಗೆ ಉದ್ದ ಜಾಸ್ತಿ, ಆದರೂ ಅದನ್ನೇ ಮೊದಲ ಸಿಂಗಲ್ (ಆಲ್ಬಂನಿಂದ ಬಿಡಿಯಾಗಿ ಬಿಡುವ ಹಾಡು) ಮಾಡಿದರು. ಬ್ರಿಟನ್‌ನಲ್ಲಿ ಒಂದನೇ ಸ್ಥಾನ, ಅಮೆರಿಕದಲ್ಲಿ ಎರಡನೇ ಸ್ಥಾನ.

ಹಾಗಾಗಿ ಇದು ಪೂರ್ತಿ ಹೊಸ ದಾರಿ ಅಂತ ನಾನು ಹೇಳಲ್ಲ. ಹಳೇ ಹಾಡುಗಾರಿಕೆಯ ಎಲುಬು ಹಾಗೇ ಇದೆ. ಅದು ಇಲ್ಲದಿದ್ದರೆ ಈ ಆಲ್ಬಂ ಕೂಡ ಆ ಕಾಲದ ನೂರಾರು ಎಲೆಕ್ಟ್ರಾನಿಕಾ ಸಿಡಿಗಳ ಜೊತೆ ಧೂಳು ಹಿಡಿಯುತ್ತಿತ್ತು.

ಕಡಲಕರೆ

‘ಫ್ರೋಜನ್’ ಕದ್ದ ಹಾಡು ಅಂತ ಕೋರ್ಟ್ ಹೇಳಿತ್ತಲ್ಲ ಮಾರಾಯ್ರೆ, ಬೆಲ್ಜಿಯಂನಲ್ಲಿ ಬ್ಯಾನ್ ಕೂಡ ಆಗಿತ್ತು?

ಬೇಸ್‌ಗಿಟಾರ್

ಆಗಿತ್ತು. 2005ರಲ್ಲಿ. ಸಾಲ್ವಟೋರೆ ಅಕ್ವಾವಿವಾ ಎಂಬ ಸಂಗೀತಗಾರನ ಹಾಡಿನಿಂದ ಎತ್ತಿದ್ದು ಅಂತ ಅಲ್ಲಿನ ಕೋರ್ಟ್ ತೀರ್ಪು ಕೊಟ್ಟಿತ್ತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2014ರಲ್ಲಿ ಮೇಲಿನ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಬ್ಯಾನ್ ಸುದ್ದಿ ಎಲ್ಲರಿಗೂ ಗೊತ್ತು, ಖುಲಾಸೆ ಸುದ್ದಿ ಯಾರಿಗೂ ಗೊತ್ತಿಲ್ಲ.

ಸೂರ್ಯನಮಸ್ಕಾರ

ಎಲ್ಲ ಓದಿದೆ. ಕನ್ನಡದವರು ಇಷ್ಟು ಜನ ಸೇರಿ ಮೈಸೂರಿನ ವಿಷಯ ಒಬ್ಬರೂ ಎತ್ತಲಿಲ್ಲವಲ್ಲ!

ಎಂಟನೇ ಹಾಡು, ‘ಶಾಂತಿ/ಅಷ್ಟಾಂಗಿ’. ಪೂರ್ತಿ ಸಂಸ್ಕೃತ. ಮೊದಲ ಭಾಗ ‘ವಂದೇ ಗುರೂಣಾಂ ಚರಣಾರವಿಂದೇ’, ಇದು ಶಂಕರಾಚಾರ್ಯರದ್ದು ಎನ್ನುವ ‘ಯೋಗತಾರಾವಳಿ’ಯ ಮೊದಲ ಶ್ಲೋಕ. ಅದಾದ ಮೇಲೆ ‘ಆಬಾಹು ಪುರುಷಾಕಾರಂ’, ಇದು ಪತಂಜಲಿಯ ಧ್ಯಾನ ಶ್ಲೋಕ, ‘ಯೋಗತಾರಾವಳಿ’ಗೂ ಅದಕ್ಕೂ ಸಂಬಂಧ ಇಲ್ಲ. ಇವೆರಡನ್ನೂ ಇದೇ ಕ್ರಮದಲ್ಲಿ ಒಟ್ಟಿಗೆ ಹೇಳುವುದು ಎಲ್ಲಿ? ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ತರಗತಿ ಶುರುವಾಗುವಾಗ. ಜೋಯಿಸರು ಮೈಸೂರಿನ ಲಕ್ಷ್ಮೀಪುರದಲ್ಲಿ ಪಾಠ ಹೇಳುತ್ತಿದ್ದವರು. ಜಗನ್ಮೋಹನ ಅರಮನೆಯ ಯೋಗಶಾಲೆಯ ಕೃಷ್ಣಮಾಚಾರ್ಯರ ಶಿಷ್ಯರು. ‘ಯೋಗಮಾಲಾ’ ಅಂತ ಅವರು ಬರೆದ ಪುಸ್ತಕ ಮೊದಲು ಬಂದದ್ದು ಕನ್ನಡದಲ್ಲೇ, 1962ರಲ್ಲಿ.

1996ರ ಅಕ್ಟೋಬರ್‌ನಲ್ಲಿ ಮಗಳು ಲೂರ್ಡ್ಸ್ ಹುಟ್ಟಿದ ಮೇಲೆ ಮಡೋನಾ ಅಷ್ಟಾಂಗ ಯೋಗಕ್ಕೆ ಬಿದ್ದಳು. ಆ ಹೊತ್ತಿಗೆ ಜೋಯಿಸರ ಪದ್ಧತಿ ಅಮೆರಿಕದಲ್ಲಿ ಚೆನ್ನಾಗಿ ಬೇರು ಬಿಟ್ಟಿತ್ತು. ಅಂದರೆ ಲಕ್ಷ್ಮೀಪುರದಲ್ಲಿ ಬೆಳಗಿನ ಜಾವ ಹೇಳುತ್ತಿದ್ದ ಶ್ಲೋಕ ಅಮೆರಿಕದ ಯೋಗಶಾಲೆಗಳಿಗೆ ಹೋಗಿ, ಅಲ್ಲಿಂದ ಸ್ಟುಡಿಯೋಗೆ ಹೋಗಿ, ಪಾಪ್ ಆಲ್ಬಂ ಒಂದರ ನಟ್ಟನಡುವೆ ಕೂತಿತು. ದಿನಾ ಅದನ್ನು ಹೇಳಿಯೇ ಅಭ್ಯಾಸ ಶುರು ಮಾಡುವ ನನಗೆ ಅದರ ಮೇಲೆ ಟೆಕ್ನೋ ಬೀಟ್ ಕೇಳಿದಾಗ ಮೊದಲು ನಗು ಬಂತು. ಆಮೇಲೆ ಅಭ್ಯಾಸ ಆಯಿತು. ಈಗ ಇಷ್ಟ.

ಮೂರನೇಸ್ವರ

ಇಷ್ಟ ಅನ್ನುವುದನ್ನು ನಾನು ಹೇಳಲಾರೆ ಅಮ್ಮಾ. ಈ ಆಲ್ಬಂನಲ್ಲಿ ನನಗೆ ತೊಂದರೆ ಕೊಡುವ ಹಾಡು ಅದೊಂದೇ.

ಉಚ್ಚಾರಣೆಯ ತಕರಾರನ್ನು ಬಿಡಿ. ಅಲ್ಪಪ್ರಾಣ, ಮಹಾಪ್ರಾಣ ನಮ್ಮವರಿಗೇ ಎಷ್ಟೋ ಸಲ ತಪ್ಪುತ್ತದೆ. ನನ್ನ ತಕರಾರು ಛಂದಸ್ಸಿನದು. ಶ್ಲೋಕಕ್ಕೆ ಅದರದೇ ಲಘು ಗುರು ಇದೆ, ಅದರದೇ ನಡಿಗೆ ಇದೆ. ಇಲ್ಲಿ ನಾಲ್ಕರ ಬೀಟ್ ಮೊದಲೇ ಹಾಕಿಟ್ಟು, ಶ್ಲೋಕವನ್ನು ಅದರೊಳಗೆ ಮಡಚಿ ತುಂಬಿದ್ದಾರೆ. ಬೇರೆ ಹಾಡುಗಳಲ್ಲಿ ದನಿ ಮುಂದೆ, ಯಂತ್ರ ಹಿಂದೆ. ಇದೊಂದರಲ್ಲಿ ಯಂತ್ರ ಎಳೆದುಕೊಂಡು ಹೋಗುತ್ತದೆ, ದನಿ ಹಿಂದೆ ಓಡುತ್ತದೆ. ಹಳೇಕ್ಯಾಸೆಟ್ ಅವರ ವಾದಕ್ಕೆ ಇದೇ ಅಪವಾದ ಅಂತ ಬೇಕಾದರೆ ಇಟ್ಟುಕೊಳ್ಳಿ.

ನೀಲಿಹೆಡ್‌ಫೋನ್

ಇದನ್ನೇ ನಾನು ಹೇಳುತ್ತಿರುವುದು! ಆ ಕಾಲಕ್ಕೆ ಪೂರ್ವದೇಶದ ಎಲ್ಲವೂ ಅಲ್ಲಿ ಫ್ಯಾಶನ್. ‘ಫ್ರೋಜನ್’ ವಿಡಿಯೋದಲ್ಲಿ ಕೈತುಂಬ ಮೆಹೆಂದಿ. ಒಂದು ವರ್ಷದೊಳಗೆ ‘ನಥಿಂಗ್ ರಿಯಲಿ ಮ್ಯಾಟರ್ಸ್’ನಲ್ಲಿ ಜಪಾನಿನ ಗೇಶಾ ವೇಷ. 1998ರ ಎಂಟಿವಿ ಸಮಾರಂಭದಲ್ಲಿ ಹಣೆಗೆ ನಾಮ ಹಾಕಿಕೊಂಡು ಇದೇ ಶ್ಲೋಕ ಹಾಡಿದಾಗ ಒಂದು ವೈಷ್ಣವ ಸಂಘಟನೆ ಆಕ್ಷೇಪಣೆ ಮಾಡಿತ್ತು. ವೇಷ ಬದಲಾಯಿಸಿದಷ್ಟೇ ಸಲೀಸಾಗಿ ಧರ್ಮ, ದೇಶ ಬದಲಾಯಿಸಿದಳು.

ಸೂರ್ಯನಮಸ್ಕಾರ

ವೇಷದ ವಿಷಯದಲ್ಲಿ ನಿಮ್ಮ ಮಾತಿಗೆ ಅಡ್ಡ ಬರಲ್ಲ. ವೇದಿಕೆ ಮೇಲಿನದು ನನಗೂ ಅತಿ ಅನ್ನಿಸಿತು. ಆದರೆ ಆಲ್ಬಂನಲ್ಲಿ ಕೇಳಿದಾಗ ಆ ಮಾತು ಹೇಳುವುದು ಕಷ್ಟ. ಶ್ಲೋಕದ ಮೂಲ ಯಾವುದು ಅಂತ ಕ್ರೆಡಿಟ್‌ನಲ್ಲಿ ಹಾಕಿದ್ದಾಳೆ. ನಡುವೆ ಇಂಗ್ಲಿಷ್ ಸಾಲು ತುರುಕಿಲ್ಲ, ಹಾಡಿನೊಳಗೆ ಅರ್ಥ ಬಿಡಿಸಿ ಹೇಳಲು ಹೋಗಿಲ್ಲ. ಕೇಳುವವರಲ್ಲಿ ಬಹಳ ಜನಕ್ಕೆ ಒಂದಕ್ಷರವೂ ಅರ್ಥವಾಗಲ್ಲ ಅಂತ ಗೊತ್ತಿದ್ದೂ ಹಾಗೇ ಬಿಟ್ಟಿದ್ದಾಳೆ. ಬರೀ ವ್ಯಾಪಾರದ ಲೆಕ್ಕ ಆಗಿದ್ದರೆ ಅದನ್ನು ಕೋರಸ್ ಮಾಡಿ ಸಿಂಗಲ್ ಬಿಡುತ್ತಿದ್ದಳು. ಅದು ಸಿಂಗಲ್ ಆಗಲೇ ಇಲ್ಲ.

ಮೂರನೇಸ್ವರ ಸರ್, ಛಂದಸ್ಸಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಅದನ್ನು ಉಸಿರಿನ ಲೆಕ್ಕದಲ್ಲಿ ಕೇಳುವವಳು.

ಚರಣ_ಪಲ್ಲವಿ

ಹೊಸಬ. ಒಂದು ಪ್ರಶ್ನೆ. ಇಷ್ಟೆಲ್ಲ ಹೊಗಳುತ್ತೀರಲ್ಲ, ಆಗ ಜನ ಹೇಗೆ ತಗೊಂಡರು? ಹಿಂದಿನ ಅಭಿಮಾನಿಗಳು ಬೈಯಲಿಲ್ವಾ?

ಹಳೇಕ್ಯಾಸೆಟ್

ಬೈದವರು ಇದ್ದೇ ಇರುತ್ತಾರೆ. ಆದರೆ ಲೆಕ್ಕ ಹೀಗಿದೆ. ಅಮೆರಿಕದಲ್ಲಿ ಮೊದಲ ವಾರ 3,71,000 ಪ್ರತಿ ಮಾರಾಟ. ಆದರೂ ಎರಡನೇ ಸ್ಥಾನ! ಮೇಲೆ ‘ಟೈಟಾನಿಕ್’ ಸಿನಿಮಾದ ಸಂಗೀತ ಕೂತಿತ್ತು, ಅದನ್ನು ಅಲುಗಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಬ್ರಿಟನ್‌ನಲ್ಲಿ ಒಂದನೇ ಸ್ಥಾನ.

1999ರ ಗ್ರ್ಯಾಮಿಯಲ್ಲಿ ಪಾಪ್ ಆಲ್ಬಂ ಪ್ರಶಸ್ತಿ, ಶೀರ್ಷಿಕೆ ಹಾಡಿಗೆ ಡ್ಯಾನ್ಸ್ ರೆಕಾರ್ಡಿಂಗ್ ಪ್ರಶಸ್ತಿ, ಯೋನಾಸ್ ಓಕರ್ಲುಂಡ್ ಮಾಡಿದ ವಿಡಿಯೋಗೆ ಒಂದು, ಸಿಡಿ ಹೊದಿಕೆಯ ವಿನ್ಯಾಸಕ್ಕೆ ಒಂದು. ಮುಖ್ಯವಾದ ವರ್ಷದ ಆಲ್ಬಂ ಪ್ರಶಸ್ತಿ ಲಾರಿನ್ ಹಿಲ್‌ಗೆ ಹೋಯಿತು. ಅದರಲ್ಲಿ ನನಗೆ ಯಾವ ದೂರೂ ಇಲ್ಲ, ಅವಳದು ಇದಕ್ಕಿಂತ ದೊಡ್ಡ ಆಲ್ಬಂ.

ಒಂದು ಮಾತು ಗಮನಿಸಿ. ಅಲ್ಲಿಯ ತನಕ ಮಡೋನಾಳ ಸುದ್ದಿ ಅಂದರೆ ಪುಸ್ತಕ, ಬಟ್ಟೆ, ಗಲಾಟೆ. ಪ್ರಶಸ್ತಿ ಕೊಡುವವರು ಅವಳನ್ನು ಗಾಯಕಿ ಅಂತ ಗಂಭೀರವಾಗಿ ನೋಡಿದ್ದು ಇದರಿಂದ. ಮೊದಲ ಆಲ್ಬಂ 1983ರದ್ದು. ಹದಿನೈದು ವರ್ಷ ಬೇಕಾಯಿತು.

ಬೇಸ್‌ಗಿಟಾರ್

ಇಲ್ಲಿ ಇನ್ನೊಂದನ್ನು ಸೇರಿಸಬೇಕು. ಶೈಲಿ ಬದಲಿಸಿ ಗೆದ್ದವರು ಸಾಮಾನ್ಯವಾಗಿ ಅದೇ ಹೊಲದಲ್ಲಿ ಇನ್ನೆರಡು ಬೆಳೆ ತೆಗೆಯುತ್ತಾರೆ. ಅವಳು ತೆಗೆಯಲಿಲ್ಲ. 1999ರಲ್ಲಿ ಆರ್ಬಿಟ್ ಜೊತೆ ‘ಬ್ಯೂಟಿಫುಲ್ ಸ್ಟ್ರೇಂಜರ್’ ಬಂತು. 2000ದ ‘ಮ್ಯೂಸಿಕ್’ ಆಲ್ಬಂ ಹೊತ್ತಿಗೆ ಹೆಚ್ಚಿನ ಕೆಲಸ ಮಿರ್ವೈಸ್ ಎಂಬ ಫ್ರಾನ್ಸಿನ ಪ್ರೊಡ್ಯೂಸರ್ ಕೈಗೆ ಹೋಯಿತು. ಆರ್ಬಿಟ್ ಪದರ ಪದರವಾಗಿ ಕಟ್ಟುತ್ತಿದ್ದ, ಮಿರ್ವೈಸ್ ಕಿತ್ತು ಕಿತ್ತು ಖಾಲಿ ಮಾಡಿದ. ಅದೂ ಗೆದ್ದಿತು. ಆರ್ಬಿಟ್ ಅತ್ತ ಬ್ಲರ್ ತಂಡದ ‘13’ ಆಲ್ಬಂ ಮಾಡಿದ, ಆಲ್ ಸೇಂಟ್ಸ್ ಎಂಬ ಗಾಯಕಿಯರ ತಂಡಕ್ಕೆ ‘ಪ್ಯೂರ್ ಶೋರ್ಸ್’ ಹಾಡು ಮಾಡಿದ. ‘ಪ್ಯೂರ್ ಶೋರ್ಸ್’ ಕೇಳಿದರೆ ‘ರೇ ಆಫ್ ಲೈಟ್’ನಲ್ಲಿ ಅವನ ಪಾಲು ಎಷ್ಟು ಅಂತ ಅಳೆಯಬಹುದು. ಸದ್ದು ಅದೇ, ಮುದ್ದಾಗಿದೆ. ಭಾರ ಮಾತ್ರ ಇಲ್ಲ.

ಅಯ್ಯೋ, ನಾನೇ ಹಳೇಕ್ಯಾಸೆಟ್ ಅವರ ವಾದಕ್ಕೆ ನೀರು ಹಾಕುತ್ತಿದ್ದೇನೆ.

ಹಳೇಕ್ಯಾಸೆಟ್

ಹಾಕಿ, ಹಾಕಿ.

ನೀಲಿಹೆಡ್‌ಫೋನ್

ಸರಿ, ಒಂದು ಕೇಳುತ್ತೇನೆ. ಗಂಟಲು ತಯಾರಾಗಿತ್ತು ಅಂತಲೇ ಇಟ್ಟುಕೊಳ್ಳೋಣ. ಆಗ ಅವಳು ‘ಎವಿಟಾ’ ತರಹದ ನಾಟಕದ ಹಾಡುಗಳ ಆಲ್ಬಂ ಮಾಡಬಹುದಿತ್ತಲ್ಲ? ದೊಡ್ಡ ಆರ್ಕೆಸ್ಟ್ರಾ, ದೊಡ್ಡ ದನಿ. ತಾಲೀಮು ತೋರಿಸಲು ಅದೇ ಸರಿ ಜಾಗ. ಯಂತ್ರದ ಹತ್ತಿರ ಯಾಕೆ ಹೋದಳು?

ಮೂರನೇಸ್ವರ

ಇಡೀ ಚರ್ಚೆಯಲ್ಲಿ ಒಳ್ಳೆಯ ಪ್ರಶ್ನೆ ಇದು.

ನನಗೆ ತೋಚುವ ಉತ್ತರ ಹೇಳುತ್ತೇನೆ. ದೊಡ್ಡ ಆರ್ಕೆಸ್ಟ್ರಾ ಮುಂದೆ ದೊಡ್ಡ ದನಿ ಬೇಕು. ಅವರದು ಕಲಿತ ಮೇಲೂ ದೊಡ್ಡ ದನಿ ಅಲ್ಲ. ವಿಟ್ನಿ ಹ್ಯೂಸ್ಟನ್, ಸೆಲಿನ್ ಡಿಯಾನ್ ಜೊತೆ ಆ ಅಂಗಳದಲ್ಲಿ ನಿಂತರೆ ಸೋಲು ಖಚಿತ. ಎಲೆಕ್ಟ್ರಾನಿಕ್ ಸದ್ದಿನಲ್ಲಿ ಜಾಗ ಜಾಸ್ತಿ. ಎಲ್ಲೋ ದೂರದಲ್ಲಿ ಒಂದು ಸಿಂಥ್, ಕೆಳಗೆ ಒಂದು ಬೇಸ್, ನಡುವೆ ಬಯಲು. ಆ ಬಯಲಲ್ಲಿ ಸಣ್ಣ ದನಿಯೂ ಸ್ಪಷ್ಟವಾಗಿ ಕೇಳುತ್ತದೆ, ಸ್ವರ ಶುದ್ಧವಾಗಿದ್ದರೆ ಸಾಕು. ತಾಲೀಮಿನಿಂದ ಅವರಿಗೆ ಬಂದದ್ದು ಸ್ವರಶುದ್ಧಿ ಮತ್ತು ಉಸಿರಿನ ಹಿಡಿತ. ಅದಕ್ಕೆ ಸರಿಯಾದ ಕೋಣೆಯನ್ನು ಆರಿಸಿಕೊಂಡರು.

ಇದಕ್ಕೆ ಸಾಕ್ಷಿ ಬೇಕೆಂದರೆ ಕೊನೆಯ ಹಾಡು ‘ಮರ್ ಗರ್ಲ್’ ಕೇಳಿ. ಬೀಟ್ ಇಲ್ಲ. ಕೋರಸ್ ಇಲ್ಲ. ಹಿಂದೆ ಏನೋ ಮಸುಕಾದ ಸದ್ದು. ಅದರ ಮೇಲೆ ಹಾಡು ಮಾತು ಎರಡರ ನಡುವಿನ ದನಿಯಲ್ಲಿ ಒಬ್ಬ ಹೆಂಗಸು ಓಡುತ್ತಿದ್ದಾಳೆ. ಮನೆಯಿಂದ, ಮಗಳಿಂದ, ಸತ್ತ ತಾಯಿಯಿಂದ. ಮಡೋನಾ ಅವರ ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 1963ರಲ್ಲಿ, ಇವರಿಗೆ ಐದು ವರ್ಷ. ಹಾಡಿನಲ್ಲಿ ಸಮಾಧಿ ಬರುತ್ತದೆ, ಕೊಳೆಯುವ ವಾಸನೆ ಬರುತ್ತದೆ. ದನಿ ಒಂದು ಸಲವೂ ಏರುವುದಿಲ್ಲ, ಅಳುವುದಿಲ್ಲ. ಹಾಡು ಮುಗಿಯುವುದೂ ಇಲ್ಲ, ಓಡುತ್ತಲೇ ಇರುವಾಗ ನಿಂತುಹೋಗುತ್ತದೆ. ಇದನ್ನು ಆರ್ಕೆಸ್ಟ್ರಾ ಮುಂದೆ ಹಾಡಿದ್ದರೆ ನಾಟಕ ಆಗಿಬಿಡುತ್ತಿತ್ತು.

ಅದರ ಹಿಂದಿನ ಹಾಡು ಮಗಳಿಗೆ ಹಾಡಿದ ‘ಲಿಟಲ್ ಸ್ಟಾರ್’. ಮಗಳು, ತಾಯಿ, ಒಂದರ ಪಕ್ಕ ಒಂದು. ಪೆಟ್ಟಿಗೆ ತುಂಬ ಯಂತ್ರ ಇಟ್ಟುಕೊಂಡು ಇಷ್ಟು ಖಾಸಗಿಯಾದದ್ದನ್ನು ಅವರು ಅದಕ್ಕೂ ಮುಂಚೆ ಹೇಳಿರಲಿಲ್ಲ.

ನೀಲಿಹೆಡ್‌ಫೋನ್

‘ಮರ್ ಗರ್ಲ್’ ವಿಷಯದಲ್ಲಿ ಸೋತೆ. ಆ ಹಾಡಿನ ಮೇಲೆ ನಾನು ಜಗಳ ಆಡಲ್ಲ. ಉಳಿದದ್ದರ ಮೇಲೆ ಆಡುತ್ತೇನೆ.

‘ಕ್ಯಾಂಡಿ ಪರ್ಫ್ಯೂಮ್ ಗರ್ಲ್’ ಯಾಕೆ ಇದೆ ಹೇಳಿ? ಸಾಹಿತ್ಯದಲ್ಲಿ ಏನೂ ಇಲ್ಲ, ಪದ ಜೋಡಿಸಿದ್ದಾರೆ ಅಷ್ಟೇ. ಹದಿಮೂರು ಹಾಡು, ಹತ್ತಿರ ಹತ್ತಿರ 67 ನಿಮಿಷ. ಸಿಡಿ ಕಾಲದ ಕಾಯಿಲೆ ಇದು, ಜಾಗ ಇದೆ ಅಂತ ತುಂಬಿಸುವುದು. ‘ಕ್ಯಾಂಡಿ ಪರ್ಫ್ಯೂಮ್ ಗರ್ಲ್’ ಮತ್ತು ‘ಟು ಹ್ಯಾವ್ ಅಂಡ್ ನಾಟ್ ಟು ಹೋಲ್ಡ್’ ಎರಡನ್ನೂ ತೆಗೆದಿದ್ದರೆ ಆಲ್ಬಂ ಇನ್ನೂ ಬಿಗಿಯಾಗಿರುತ್ತಿತ್ತು.

ಬೇಸ್‌ಗಿಟಾರ್

‘ಕ್ಯಾಂಡಿ’ ತೆಗೆಯೋದಾ? ಆಲ್ಬಂನಲ್ಲಿ ಗಿಟಾರ್ ಕೊಳಕಾಗಿ ಗುರ್ ಅನ್ನುವುದು ಅದೊಂದರಲ್ಲೇ. ಶೀರ್ಷಿಕೆ ಹಾಡಿನ ಓಟ ಆದ ಮೇಲೆ ಆ ಕೆಸರು ಬೇಕು. ನೇರವಾಗಿ ‘ಸ್ಕಿನ್’ಗೆ ಹಾರಿದರೆ ಎರಡೂ ಒಂದೇ ತರಹದ ಓಟ ಅನ್ನಿಸಿಬಿಡುತ್ತದೆ.

ಚರಣ_ಪಲ್ಲವಿ

ಹೊಸಬರು ಎಲ್ಲಿಂದ ಶುರು ಮಾಡಬೇಕು? ಹೋದ ವರ್ಷವೋ ಯಾವಾಗಲೋ ಇದರದ್ದೇ ರೀಮಿಕ್ಸ್ ಆಲ್ಬಂ ಬಂತಲ್ಲ, ಅದಾ?

ಹಳೇಕ್ಯಾಸೆಟ್

‘ವೆರೋನಿಕಾ ಎಲೆಕ್ಟ್ರಾನಿಕಾ’. 1998ರಲ್ಲೇ ಮಾಡಬೇಕು ಅಂದುಕೊಂಡದ್ದು, ಬಂದದ್ದು 2025ರ ಜುಲೈನಲ್ಲಿ. ಅದರಿಂದ ಶುರು ಮಾಡಬೇಡಿ. ಅದು ಆಲ್ಬಂ ಬಾಯಿಪಾಠ ಆದವರಿಗೆ.

ಮೊದಲ ಹಾಡು ‘ಡ್ರೌನ್ಡ್ ವರ್ಲ್ಡ್/ಸಬ್‌ಸ್ಟಿಟ್ಯೂಟ್ ಫಾರ್ ಲವ್’ನಿಂದಲೇ ಶುರು ಮಾಡಿ, ಕ್ರಮ ತಪ್ಪಿಸಬೇಡಿ. ಶುರುವಿನಲ್ಲಿ ಬಹಳ ಹೊತ್ತು ಏನೂ ಆಗಲ್ಲ ಅನ್ನಿಸುತ್ತದೆ, ಎದ್ದು ಹೋಗಬೇಡಿ. ದೊಡ್ಡ ಡ್ರಮ್ ತಡವಾಗಿ ಬರುತ್ತದೆ. ಪ್ರಸಿದ್ಧಿ ಬೇಕು ಅಂತ ಪ್ರೀತಿ ಬಿಟ್ಟೆ ಅಂತ ಅವಳು ಹೇಳುವುದು ಆ ಖಾಲಿ ಜಾಗದಲ್ಲೇ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಕೆಳಗಿನ ಬೇಸ್ ಪೂರ್ತಿ ಮಾಯ, ಹೆಡ್‌ಫೋನ್ ಇರಲಿ.

ಸೂರ್ಯನಮಸ್ಕಾರ

ಮತ್ತೆ ಎಂಟನೇ ಹಾಡನ್ನು ದಾಟಿಸಬೇಡಿ, ಮೂರನೇಸ್ವರ ಸರ್ ಏನೇ ಹೇಳಲಿ.

ಮೂರನೇಸ್ವರ

ದಾಟಿಸಿ ಅಂತ ನಾನೆಲ್ಲಿ ಹೇಳಿದೆ? ಕೇಳಿ, ಆಮೇಲೆ ಬಂದು ತಾಳದ ವಿಷಯ ಮಾತಾಡೋಣ.

ನೀಲಿಹೆಡ್‌ಫೋನ್

‘ಕ್ಯಾಂಡಿ’ ಮಾತ್ರ ಧಾರಾಳವಾಗಿ ದಾಟಿಸಬಹುದು.

ಬೇಸ್‌ಗಿಟಾರ್

ಮತ್ತೆ ಶುರು ಮಾಡಿದ್ರಾ!